ನಮ್ಮೂರ ಹಾಲ್‌ನಲ್ಲಿ ವರ್ಷವಿಡೀ ಸಂಗೀತ: ಯಾವುದು, ಯಾವಾಗ?

ಪ್ರಶ್ನೆ, ಕಾಸರಗೋಡಿನ ಬದಿಯಡ್ಕ ಕಡೆಯಿಂದ:
ನಮ್ಮ ಗ್ರಂಥಾಲಯದ ಹಾಲ್‌ನಲ್ಲಿ ಸುಮಾರು 300 ಜನ ಕೂರಬಹುದು. ಬರುವ ವರ್ಷ ಎರಡು ತಿಂಗಳಿಗೊಂದು ಸಂಗೀತ ಕಾರ್ಯಕ್ರಮ ಇಡುವ ಆಸೆ. ಶಾಸ್ತ್ರೀಯ ಮಾತ್ರ ಸಾಕು ಅಂತ ಕೆಲವರು, ಎಲ್ಲ ಬಗೆಯದೂ ಬೇಕು ಅಂತ ಕೆಲವರು. ಮಾಡಿಸಿ ಗೊತ್ತಿರುವವರು ಹೇಳಿ.

ನೀರ್ಚಾಲಿನಿಂದ:
ಎಲ್ಲ ಬಗೆಯದೂ ಇಡಿ. ಆದರೆ ಒಂದೇ ಸಂಜೆಗೆ ತುರುಕಬೇಡಿ. ಅರ್ಧ ಗಂಟೆ ಕೀರ್ತನೆ, ಅರ್ಧ ಗಂಟೆ ಭಾವಗೀತೆ, ಕೊನೆಗೆ ಚೆಂಡೆ ಅಂತ ಮಾಡಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಯಕ್ಷಗಾನದ ಪದ್ಯ ಹಾಡುವ ಒಳ್ಳೆಯ ಭಾಗವತರು ಬೇಕಾದರೆ ಪತ್ತನಾಜೆ, ಅಂದರೆ ಆಟದ ಸೀಸನ್ ಮುಗಿಯುವ ದಿನ, ಕಳೆಯಲಿ. ಮೇ ಕೊನೆಯವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ದಿನಾ ಆಟ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅವರಿಗೂ ಬಿಡುವು, ನಮಗೂ ಬಿಡುವು. ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಇದ್ದರೂ ಮಳೆ ಹಿಡಿದ ಸಂಜೆ ತೋಟದಲ್ಲಿ ಯಾರಿಗೂ ಕೆಲಸವಿಲ್ಲ. ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ ಬೇಡವೆಂದರೆ ಬರೀ ಪದ್ಯಗಳ ಗಾನವೈಭವ ಇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯ ಎತ್ತಿದರೆ ಸಾಕು, ಹಿಂದಿನ ಸಾಲಿನ ಅಜ್ಜಂದಿರು ತೊಡೆ ತಟ್ಟಿ ತಾಳ ಹಾಕುತ್ತಾರೆ. ಕುಂಬಳೆಯವನಲ್ವಾ!

ಕರ್ನಾಟಕ ಸಂಗೀತಕ್ಕೆ ಬೇರೆಯೇ ಲೆಕ್ಕ. ನಿಮ್ಮ ಹಾಲ್‌ನದು ಶೀಟಿನ ಮಾಡು (ಛಾವಣಿ) ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಆ ಯೋಚನೆಯೇ ಬೇಡ. ಆಲಾಪನೆ ಮಂದ್ರಕ್ಕೆ ಇಳಿಯುವಾಗ ಮಳೆ ಜೋರಾಯಿತೆಂದರೆ ತಂಬೂರಿಯೂ ಇಲ್ಲ, ಪಿಟೀಲೂ ಇಲ್ಲ. ಡಿಸೆಂಬರ್ ಮಧ್ಯದಿಂದ ಚೆನ್ನೈ ಸೀಸನ್, ಹೆಸರಾದವರು ಅಲ್ಲಿರುತ್ತಾರೆ. ಜನವರಿ ಕೊನೆ, ಫೆಬ್ರವರಿ ಒಳ್ಳೆಯದು. ಮಾರ್ಚ್ ಬೇಡ, ಪರೀಕ್ಷೆ.

ಕುಂಬಳೆಯಿಂದ, ಮೈಕಿನ ಕೆಲಸದವನು:
300 ಜನರ ಹಾಲ್‌ನಲ್ಲಿ ಚೆಂಡೆಗೆ ಮೈಕ್ ಇಡಬೇಡಿ ಮಾರಾಯ್ರೇ! ಭಾಗವತರ ಸ್ವರ ಮುಳುಗಿಹೋಗುತ್ತದೆ. ಥಂಡಿಗೆ ಮದ್ದಳೆಯ ಚರ್ಮ ಇಳಿಯುತ್ತದೆ, ಶ್ರುತಿ ಕೂಡಿಸಲು ಸಮಯ ಬಿಡಿ. ಕಛೇರಿಗಾದರೆ ಮೃದಂಗದ ಎರಡೂ ಬದಿಗೆ ಒಂದೊಂದು ಮೈಕ್ ಬೇಕು. ಹಾಡುವವರ ಎದುರು ಮಾನಿಟರ್, ಅಂದರೆ ಅವರಿಗೇ ಕೇಳಿಸುವ ಸ್ಪೀಕರ್, ಕಡ್ಡಾಯ. ಮದುವೆ ಆರ್ಕೆಸ್ಟ್ರಾದ ಅಭ್ಯಾಸದಲ್ಲಿ ನಮ್ಮವರು ಕೆಲವರು ಎಕೋ ತಿರುಗಿಸಿ ಇಡುತ್ತಾರೆ, ಮೊದಲೇ ಸೊನ್ನೆಗೆ ತರಿಸಿ. ವೇದಿಕೆಯ ಫ್ಯಾನಿನ ಮುಖ ಮೈಕಿನ ಕಡೆ ಬೇಡ. ಹೊರಗೆ ಹಾರ್ನ್ ಕಟ್ಟಲೂ ಬೇಡಿ. ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ ಅಂತ 2000ದ ನಿಯಮ. ಮುಚ್ಚಿದ ಹಾಲ್‌ನ ಒಳಗೆ ವಿನಾಯಿತಿ ಇದೆ.

ಮೊಗ್ರಾಲಿನಿಂದ:
ಎಲ್ಲ ಬಗೆಯದೂ ಅಂತ ಹೇಳಿ ಕೇರಳದ ಮುಸ್ಲಿಮರ ಹಾಡು ಮಾಪ್ಪಿಳಪಾಟ್ಟನ್ನು ಬಿಟ್ಟೇ ಬಿಟ್ಟಿರಲ್ಲ! ನಮ್ಮೂರಿಗೆ ಇಶಲ್ ಗ್ರಾಮ ಅಂತಲೇ ಹೆಸರು, ಇಶಲ್ ಅಂದರೆ ಆ ಹಾಡಿನ ಧಾಟಿ. ಕಾಸರಗೋಡಿನ ಟಿ. ಉಬೈದ್ (1908–1972) ಮಾಪ್ಪಿಳಪಾಟ್ಟು ಬಲ್ಲ ಕವಿ, ಕನ್ನಡದಿಂದ ಮಲಯಾಳಕ್ಕೆ ಅನುವಾದ ಮಾಡಿದವರು. ಅವರ ನೆನಪಿನಲ್ಲಿ ಒಂದು ಸಂಜೆ ಇಟ್ಟರೆ ಎರಡೂ ಭಾಷೆಯವರು ಬರುತ್ತಾರೆ. ಟ್ರ್ಯಾಕ್ ಹಾಕಿ ಹಾಡುವವರು ಬೇಡ, ಅದನ್ನು ಫೋನಿನಲ್ಲೇ ಕೇಳಬಹುದು. ಹಾರ್ಮೋನಿಯಂ, ತಬಲ, ಕೈಮುಟ್ಟು (ಕೈ ಚಪ್ಪಾಳೆಯ ತಾಳ) ಇರುವ ತಂಡ ಕರೆಸಿ. ಪ್ರತಿ ಹಾಡಿನ ಮೊದಲು ಕಥೆಯನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳುವವರು ಇರಲಿ. ರಂಜಾನ್ ತಿಂಗಳು ಬಿಡಿ. ಮಗ್ರಿಬ್ ನಮಾಜಿನ ನಂತರ, ಏಳಕ್ಕೆ ಶುರು ಮಾಡಿ.

ಪೆರ್ಲದಿಂದ:
ಏಳಕ್ಕೆ ಶುರುವಾದರೆ ನಮಗೆ ಬಸ್ಸಿಲ್ಲ. ಬೈಕ್ ಇದ್ದವರು ಮಾತ್ರ ಬರಬೇಕಷ್ಟೆ, ಹೆಂಗಸರು ಬರುವುದೇ ಇಲ್ಲ. ಉಳಿದವನ್ನಾದರೂ ಭಾನುವಾರ ಮಧ್ಯಾಹ್ನ ಮೂರೂವರೆಗೆ ಇಡಿ. ಮಾಪ್ಪಿಳಪಾಟ್ಟಿನ ದಿನ ಎರಡು ಜೀಪು ಗೊತ್ತು ಮಾಡಿ.

ಇನ್ನೊಂದು, ಸಭಾ ಕಾರ್ಯಕ್ರಮ. ಹೋದ ವರ್ಷ ಒಂದು ಕಡೆ ವೇದಿಕೆಯಲ್ಲಿ ಕುರ್ಚಿಯ ಸಾಲು, ಎಲ್ಲರಿಗೂ ಶಾಲು, ಎಲ್ಲರದ್ದೂ ನಾಲ್ಕು ಮಾತು. ಪಿಟೀಲಿನವರು ಬದಿಯಲ್ಲಿ ಕೂತು ಮೂರು ಸಲ ತಂತಿ ಕೂಡಿಸಿದರು. ದುಡ್ಡು ಕೊಟ್ಟವರ ಹೆಸರು ಬೋರ್ಡಿನಲ್ಲಿ ಬರೆಯಿರಿ, ಸಾಕು. ಚಾ ಮಂಗಳ ಹಾಡಿದ ಮೇಲೆಯೇ ಕೊಡಿ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದ ಹೊತ್ತಿಗೆ ಪಾತ್ರೆಯ ಮುಚ್ಚಳ ತೆಗೆದರೆ ಅರ್ಧ ಹಾಲ್ ಖಾಲಿ.

ಪ್ರಶ್ನೆ ಕೇಳಿದವರು:
ನಮ್ಮದು ಶೀಟೇ. ಹಾಗಾದರೆ ಜುಲೈಗೆ ಗಾನವೈಭವ, ಫೆಬ್ರವರಿಗೆ ಕಛೇರಿ ಅಂತ ಬರೆದುಕೊಂಡೆ. ಮೊಗ್ರಾಲಿನವರೇ, ಕೈಮುಟ್ಟಿನ ತಂಡ ಗೊತ್ತಿದ್ದರೆ ನೀವೇ ಮಾತಾಡಿ ಕೊಡುತ್ತೀರಾ? ಜೀಪಿನ ವಿಷಯ ಪೆರ್ಲದವರಿಗೆ ಬಿಟ್ಟದ್ದು.