ಐದು, ನಾಲ್ಕು, ಮೂರು ಎಣಿಸಿದರೂ ಎದೆ ಡವಡವ ನಿಲ್ಲುತ್ತಿಲ್ಲ

ಲೆಕ್ಕದವಳು, ದಾವಣಗೆರೆ:

ನಾನು ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಲೆಕ್ಕ ಬರೆಯುತ್ತೇನೆ. ತಿಂಗಳ 18 ಬಂತೆಂದರೆ ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತದೆ. 20ಕ್ಕೆ ಜಿಎಸ್‌ಟಿ 3ಬಿ, ಅಂದರೆ ಅಂಗಡಿಗಳ ತಿಂಗಳ ತೆರಿಗೆ ಲೆಕ್ಕ, ಹಾಕಬೇಕು. ಅಂಗಡಿಯವರು 19ರ ಸಂಜೆ ಬಿಲ್ಲುಗಳನ್ನು ಕ್ಯಾರಿಬ್ಯಾಗಿನಲ್ಲಿ ತುಂಬಿಕೊಂಡು ಬರುತ್ತಾರೆ. ಕೈ ತಣ್ಣಗಾಗುತ್ತದೆ. ಕಂಪ್ಯೂಟರಿನಲ್ಲಿ ಅಂಕಿಗಳು ಕಾಣುತ್ತವೆ, ತಲೆಗೆ ಹೋಗುವುದಿಲ್ಲ. ಹೋದ ತಿಂಗಳು ಒಂದೇ ಬಿಲ್ಲನ್ನು ಎರಡು ಸಲ ಏರಿಸಿಬಿಟ್ಟಿದ್ದೆ.

ಗೆಳತಿ ಗ್ರೌಂಡಿಂಗ್ ಮಾಡು ಅಂದಳು, ಗಾಬರಿಯಾದಾಗ ಮನಸ್ಸನ್ನು ಸುತ್ತಮುತ್ತಲಿನ ವಸ್ತುಗಳ ಮೇಲೆ ನಿಲ್ಲಿಸುವುದಂತೆ. ಕಾಣುವುದು ಐದು, ಮುಟ್ಟುವುದು ನಾಲ್ಕು, ಕೇಳಿಸುವುದು ಮೂರು, ವಾಸನೆ ಎರಡು, ರುಚಿ ಒಂದು. ಮಾಡಿದೆ. ಫ್ಯಾನ್, ಕ್ಯಾಲೆಂಡರ್, ಸ್ಟೇಪ್ಲರ್, ಫೈಲು, ಬಾಗಿಲು. ಹತ್ತು ಸೆಕೆಂಡಿಗೆ ಮುಗಿಯಿತು! ವಾಸನೆಗೆ ಬಂದರೆ ಒಂದೂ ಸಿಗಲಿಲ್ಲ. ಇದೂ ನನ್ನ ಕೈಲಿ ಆಗಲ್ಲ ಅಂತ ಗಾಬರಿ ಇನ್ನೂ ಜಾಸ್ತಿಯಾಯಿತು. ಯಾರಿಗಾದರೂ ಹೀಗಾಗಿದೆಯಾ?

ನೇರಳೆ ಮಾರ್ಗ, ಬೆಂಗಳೂರು:

ನನಗೆ ಆಗಿದೆ. ಒಂದು ಸಲ ಅಲ್ಲ, ವರ್ಷಗಟ್ಟಲೆ. ನನ್ನದು ಮೆಟ್ರೋದಲ್ಲಿ. ಎಂ.ಜಿ. ರಸ್ತೆ ಬಿಟ್ಟ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ ನೋಡಿ, ಕಿಟಕಿ ಕಪ್ಪಾದ ತಕ್ಷಣ ಗಂಟಲು ಒಣಗುತ್ತಿತ್ತು. ಎಷ್ಟೋ ದಿನ ಕಬ್ಬನ್ ಪಾರ್ಕಿನಲ್ಲೇ ಇಳಿದು ಆಟೋ ಹಿಡಿದಿದ್ದೇನೆ. ಆಟೋ ದುಡ್ಡಿನ ಲೆಕ್ಕ ಬೇಡ ಬಿಡಿ.

ನೀವು ಮಾಡಿದ್ದು ಎಣಿಕೆ. ನಾನೂ ಅದನ್ನೇ ಮಾಡುತ್ತಿದ್ದೆ, ಹಾಜರಿ ಕರೆದ ಹಾಗೆ. ಕಂಬ, ಸೀಟು, ಚೀಲ, ಚಪ್ಪಲಿ, ಮುಗೀತು. ಹೆಸರು ಹೇಳುವುದಕ್ಕೆ ನೋಡಲೇಬೇಕಾಗಿಲ್ಲ ಅಲ್ವಾ? ಗಾಬರಿ ತನ್ನ ಪಾಡಿಗೆ ಒಳಗೆ ಓಡುತ್ತಲೇ ಇರುತ್ತದೆ.

ಒಂದು ದಿನ ಎದುರು ಕೂತ ಅಜ್ಜಿಯ ಚೀಲದ ಮೇಲೆ ಕಣ್ಣು ನಿಂತುಬಿಟ್ಟಿತು. ಹಸಿರು ಚೀಲ. ಒಂದು ಹಿಡಿ ಕಿತ್ತುಹೋಗಿ, ಬಿಳಿ ದಾರದಲ್ಲಿ ಹೊಲಿದಿದ್ದರು. ಹೊಲಿಗೆ ಸೊಟ್ಟ, ಕೊನೆಯಲ್ಲಿ ಮೂರು ಗಂಟು. ಮೂರು ಯಾಕೆ, ಒಂದು ಸಾಲದಾ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮೆಜೆಸ್ಟಿಕ್ ಬಂತು.

ಅವತ್ತಿನಿಂದ ಐದು ಬಿಟ್ಟೆ. ಒಂದೇ ಸಾಕು, ಆದರೆ ಅದರ ಗಂಟು ಕಾಣುವವರೆಗೆ ನೋಡಬೇಕು. ಗಾಬರಿ ಇಲ್ಲದ ದಿನವೂ ಒಂದು ನಿಮಿಷ ಮಾಡಿ. ಮುಳುಗುವಾಗ ಈಜು ಕಲಿಯೋಕಾಗಲ್ಲ. ಇನ್ನೊಂದು ಮಾತು: ಭಯ ಓಡಿಸಬೇಕು ಅಂತ ಮಾಡಬೇಡಿ. ಹೋಯಿತಾ, ಹೋಯಿತಾ ಅಂತ ನೋಡುತ್ತಾ ಕೂತರೆ ಅದು ಹೋಗುವುದಿಲ್ಲ. ನನಗೆ ಈಗಲೂ ಸುರಂಗದಲ್ಲಿ ಒಮ್ಮೊಮ್ಮೆ ಗಂಟಲು ಒಣಗುತ್ತದೆ. ಇಳಿಯುವುದಿಲ್ಲ ಅಷ್ಟೇ.

ಅವರೆ ಸೊಗಡು:

ನಮ್ಮಮ್ಮ ಇದಕ್ಕೆಲ್ಲ ಹೆಸರಿಟ್ಟಿರಲಿಲ್ಲ. ಮನಸ್ಸು ಸರಿ ಇಲ್ಲದಿದ್ದರೆ ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಚಳಿಗಾಲದಲ್ಲಿ ಅವರೆ ಹಿತುಕುತ್ತೇನೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಪುಳಕ್ಕನೆ ಬೇಳೆ ಜಾರುತ್ತದೆ. ಒಂದು ಸೇರು ಮುಗಿಯುವಷ್ಟರಲ್ಲಿ ನಾದಿನಿ ಆಡಿದ ಮಾತೇ ಮರೆತಿರುತ್ತದೆ. ಆಫೀಸಿನಲ್ಲಿ ಅವರೆಕಾಯಿ ಆಗಲ್ಲ, ಗೊತ್ತು. ಎದ್ದು ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಕಣ್ಣು, ಕೆನ್ನೆ ಚೆನ್ನಾಗಿ ನೆನೆಯಲಿ.

ಶಿವಮೊಗ್ಗದ ಮಳೆ:

ಉಸಿರನ್ನೂ ಸೇರಿಸಿಕೊಳ್ಳಿ. ಒಳಗೆ ನಾಲ್ಕು ಎಣಿಸಿದರೆ, ಹೊರಗೆ ಬಿಡುವಾಗ ಆರು. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ದೊಡ್ಡದಾಗಿ ಎಳೆದುಕೊಳ್ಳಲು ಹೋಗಬೇಡಿ, ತಲೆ ತಿರುಗುತ್ತದೆ. 19ರ ದಿನ ಎಷ್ಟು ಕಾಫಿ ಕುಡಿಯುತ್ತೀರಿ? ನಾನು ದಿನಕ್ಕೆ ಆರು ಲೋಟದಿಂದ ಎರಡಕ್ಕೆ ಇಳಿಸಿದ ಮೇಲೆ ಕೈನಡುಕ ಅರ್ಧ ಹೋಯಿತು.

ತಿಂಗಳಿಗೆ ಮೂರು ದಿನ ಅಂದರೆ ಸರಿ. ದಿನಾ ಹೀಗಾದರೆ, ನಿದ್ದೆ ಕೆಟ್ಟರೆ, ಸುಮ್ನೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ. 2022ರಲ್ಲಿ ಸರ್ಕಾರ ಶುರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಮ್ಮೆ ರಾತ್ರಿ ಎರಡು ಗಂಟೆಗೆ ನಾನೇ ಮಾಡಿದ್ದೇನೆ. ನಾಚಿಕೆ ಏನಿಲ್ಲ.

ಲೆಕ್ಕದವಳು, ದಾವಣಗೆರೆ:

ಎಲ್ಲರಿಗೂ ಥ್ಯಾಂಕ್ಸ್. ಕಾಫಿ ಐದು ಲೋಟ, ಸಿಕ್ಕಿಬಿದ್ದೆ.

ನಿನ್ನೆ 19. ಸಂಜೆ ಆರಕ್ಕೆ ಕ್ಯಾರಿಬ್ಯಾಗ್ ಬಂತು, ಕೈ ತಣ್ಣಗಾಯಿತು. ನೇರಳೆ ಮಾರ್ಗದವರು ಹೇಳಿದ ಹಾಗೆ ಒಂದೇ ಬಿಲ್ಲು ಎತ್ತಿಕೊಂಡೆ. ಹಳದಿ ಕಾಗದ. ಕಾರ್ಬನ್ನಿನ ನೀಲಿ ಅಕ್ಷರ, ಏಳನ್ನು ಒಂದರ ಹಾಗೆ ಬರೆದಿದ್ದಾರೆ. ಮೂಲೆಯಲ್ಲಿ ದುಂಡಗೆ ಎಣ್ಣೆಕಲೆ. ಯಾಕೋ ಮೂಸಿ ನೋಡಿದೆ. ಮಿರ್ಚಿ! ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲೇ ಬರೆದಿದ್ದಾನೆ ಪುಣ್ಯಾತ್ಮ.

ಅಂತೂ ವಾಸನೆ ಸಿಕ್ಕಿತು. ನಗು ಬಂತು, ಬಿಲ್ ನಂಬರ್ ಓದೋಕಾಯಿತು. ಇನ್ನೂ ನಲವತ್ತು ಬಿಲ್ಲು ಇವೆ, ಬರ್ತೀನಿ.