ಪೋಲೊ ಜಿಟಿ ಟಿಎಸ್‌ಐಗೆ ಸೆಕೆಂಡ್ ಹ್ಯಾಂಡ್ ಟರ್ಬೊ, ಕಾಯ್ಲೋವರ್, ಆಲಾಯ್: ದುಡ್ಡು ಕೊಡೋ ಮುಂಚೆ ಏನೇನು ನೋಡ್ಬೇಕು?

ಕೆಂಪುಧೂಳು34, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಪೋಲೊ ಜಿಟಿ ಟಿಎಸ್‌ಐ, 1.2 ಎಂಜಿನ್, ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸ್, 82,000 ಕಿ.ಮೀ. ಓಡಿದೆ. ಬೆಂಗಳೂರಿನಲ್ಲಿ ಒಬ್ರು ತಮ್ಮ ಪೋಲೊ ಮಾರೋ ಮುಂಚೆ ಅದರಲ್ಲಿ ಹಾಕಿಸಿದ್ದ ಪಾರ್ಟ್ಸ್ ಬಿಚ್ಚಿ ಮಾರ್ತಿದ್ದಾರೆ. ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಡ್ಯಾಂಪರ್) ಸೆಟ್ 38,000, 16 ಇಂಚಿನ ಆಲಾಯ್ ವೀಲ್ ಟೈರ್ ಸಮೇತ 42,000, ಸ್ಟಾಕ್ (ಕಂಪನಿಯಿಂದಲೇ ಬಂದ) ಟರ್ಬೊ ಒಂದು 15,000. ಜೊತೆಗೆ ಕ್ಯಾಟ್ (ಹೊಗೆ ಶುದ್ಧ ಮಾಡೋ ಭಾಗ) ಇಲ್ಲದ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೆ ಹೋಗೋ ಪೈಪ್), ಟ್ಯೂನ್ ಮಾಡಿದ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್). ಎಲ್ಲಾ ಒಟ್ಟಿಗೆ ತಗೊಂಡ್ರೆ ಒಂದು ಲಕ್ಷಕ್ಕೆ ಬಿಡ್ತೀನಿ ಅಂತಾರೆ.

ಟರ್ಬೊ ಕೇಳ್ತಿರೋದಕ್ಕೆ ಕಾರಣ ಇದೆ. ನನ್ನ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟಾಗ ವೇಸ್ಟ್‌ಗೇಟ್ (ಟರ್ಬೊಗೆ ಹೆಚ್ಚಾದ ಹೊಗೆಯನ್ನ ಪಕ್ಕಕ್ಕೆ ಬಿಡೋ ಬಾಗಿಲು) ಕಡೆಯಿಂದ ಗಲಗಲ ಸದ್ದು ಬರ್ತಿದೆ. ವಾರಕ್ಕೆ ಎರಡು ಸಲ ಸಂಡೂರು, ತಿಂಗಳಿಗೊಮ್ಮೆ ಬೆಂಗಳೂರು, ಇಷ್ಟು ನನ್ನ ಓಡಾಟ. ಯಾವುದು ತಗೋಬಹುದು, ಯಾವುದು ಬೇಡ? ಹೋಗಿ ನೋಡ್ಬೇಕಾ, ಟ್ರಾನ್ಸ್‌ಪೋರ್ಟ್‌ನಲ್ಲಿ ತರಿಸಿದ್ರೆ ನಡೀತದಾ?

ಗಂಗಾವತಿ_ಗ್ಯಾರೇಜ್, ಕೊಪ್ಪಳ ಜಿಲ್ಲೆ

ಟರ್ಬೊ ಬಗ್ಗೆ ಅಷ್ಟ ಹೇಳ್ತೀನ್ರಿ, ಉಳಿದದ್ದು ಬಲ್ಲವರು ಹೇಳ್ಲಿ.

ಮೊದಲು ಪಾರ್ಟ್ ನಂಬರಿನ ಫೋಟೊ ತರಿಸ್ರಿ. ನಿಮ್ಮ 1.2 ಟಿಎಸ್‌ಐ ಟರ್ಬೊದ ನಂಬರ್ 03ಎಫ್ 145 ಅಂತ ಶುರು ಆಗ್ತೈತಿ. 03ಸಿ ಅಂತ ಇದ್ರ ಅದು 1.4 ಟಿಎಸ್‌ಐದು, 04ಸಿ ಅಂತ ಇದ್ರ 1.0 ಎಂಜಿನ್ನಿಂದು. ಮಾರಾವ್ರು ಎಲ್ಲಾದಕ್ಕೂ "ಪೋಲೊ ಟರ್ಬೊ" ಅಂತಾರ. ಕೊನಿ ಅಕ್ಷರ ಬ್ಯಾರೆ ಇದ್ರ ಕೂಡೋ ಸಾಧ್ಯತೆ ಐತಿ, ಆದ್ರ ಹಳೇದು ಹೊಸದು ಎರಡೂ ಎದುರು ಬದುರು ಇಟ್ಟು ಬೋಲ್ಟ್ ತೂತು, ಪೈಪ್ ಬಾಯಿ, ಆಕ್ಚುಯೇಟರ್ (ವೇಸ್ಟ್‌ಗೇಟ್ ತಗದು ಮುಚ್ಚೋ ಮೋಟರ್) ಪ್ಲಗ್ ತಾಳೆ ನೋಡ್ಲಾರದ ಕೂಡ್ತೈತಿ ಅನ್ನಬ್ಯಾಡ್ರಿ.

ಕೈಯಾಗ ಬಂದ ಮ್ಯಾಲ ಶಾಫ್ಟ್ ಆಟ ನೋಡ್ರಿ. ಗಾಳಿ ಚಕ್ರದ ನಟ್ಟು ಎರಡು ಬೆರಳಾಗ ಹಿಡದು ಮ್ಯಾಲ ಕೆಳಗ ಅಲುಗಾಡಿಸಿದ್ರ ಸ್ವಲ್ಪ ಆಟ ಇದ್ದ ಇರ್ತೈತಿ, ಯಾಕಂದ್ರ ಬೇರಿಂಗ್ ಆಯಿಲ್ ಪದರದ ಮ್ಯಾಲ ತೇಲೂದು, ಆಯಿಲ್ ಇಲ್ದಾಗ ಅದು ಸಡಿಲ ಅನಸ್ತೈತಿ. ಅದಕ್ಕ ಹೆದರಬ್ಯಾಡ್ರಿ. ಆದ್ರ ಚಕ್ರ ಹೌಸಿಂಗಿಗೆ ತಾಗಬಾರದು. ಹಿಂದ ಮುಂದ, ಅಂದ್ರ ಶಾಫ್ಟಿನ ಉದ್ದಕ್ಕ ದಬ್ಬಿ ಎಳದಾಗ ಕೈಗೆ ಆಟ ಗೊತ್ತಾತಂದ್ರ ಥ್ರಸ್ಟ್ ಬೇರಿಂಗ್ ಹೋಗೈತಿ, ವಾಪಸ್ ಕೊಡ್ರಿ. ಡಯಲ್ ಗೇಜ್ ಇದ್ರ 0.1 ಮಿ.ಮೀ. ದಾಟಿದ್ದು ಬ್ಯಾಡ.

ನಮ್ಮ ಕಡೆ ಗಾಡಿಗೆ ಮುಖ್ಯವಾದ ಗುರುತು ಗಾಳಿ ಚಕ್ರದ ಅಲಗು. ಅದರ ಮುಂದಿನ ಅಂಚು ಚೂಪ ಇರಬೇಕು. ಉಪ್ಪು ಕಾಗದ ತಿಕ್ಕಿದಂಗ ಮೊಂಡಾಗಿದ್ರ ಹರಿದ ಫಿಲ್ಟರಿನಾಗ ಇಲ್ಲಾ ಓಪನ್ ಕೋನ್ ಫಿಲ್ಟರಿನಾಗ ಓಡಿದ ಟರ್ಬೊ ಅದು. ಅದಿರು ಧೂಳು ಸಣ್ಣದು, ಗಡಸು. ಸಂಡೂರು ದಾರಿಯಾಗ ಓಡೋ ನಿಮ್ಮ ಗಾಡಿಗೂ ಕಂಪನಿ ಏರ್‌ಬಾಕ್ಸ್ ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ.

ಗಾಳಿ ಬಾಯಾಗ ತೆಳ್ಳನ ಆಯಿಲ್ ಪದರ ಇದ್ರ ಅದು ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಗ ಬಿಡೋ ಪೈಪ್) ಕಡೆಯಿಂದ ಬಂದದ್ದು, ನಡೀತೈತಿ. ಮಡುಗಟ್ಟಿ ನಿಂತಿದ್ರ ಬ್ಯಾಡ. ಸೈಲೆನ್ಸರ್ ಕಡೆ ಚಕ್ರದ ಹಿಂದ ಹಸಿ ಕಪ್ಪು ಆಯಿಲ್ ಇದ್ರೂ ಬ್ಯಾಡ. ಟಾರ್ಚ್ ಹಿಡದು ವೇಸ್ಟ್‌ಗೇಟ್ ಕುಂಡ್ರೋ ತೂತಿನ ಸುತ್ತ ಬಿರುಕು ನೋಡ್ರಿ. ಕೂದಲೆಳೆಯಷ್ಟು ಸಣ್ಣ ಗೆರಿ ಕಂಡ್ರ ಬೆಲಿ ಇಳಸ್ರಿ, ಉಗುರು ಸಿಗಾಕ್ಕೊಳ್ಳೋವಷ್ಟು ಇದ್ರ ಬಿಡ್ರಿ. ನಿಮ್ಮ ತಕರಾರು ಇರೂದ ವೇಸ್ಟ್‌ಗೇಟ್ ಸದ್ದು, ಹಂಗಾಗಿ ಅದರ ತೋಳು ಹಿಡದು ಅಲುಗಾಡಿಸಿ ಬುಷ್ ಸವದೈತೇನು ಅನ್ನೂದು ನೋಡ್ಲೇಬೇಕು. ಅದೂ ಸವದಿದ್ರ 15,000 ಕೊಟ್ಟು ಅದ ಸದ್ದನ್ನ ಕೊಂಡಂಗಾತು. ಈ ಎಂಜಿನ್ನಿನಾಗ ಆಕ್ಚುಯೇಟರ್ ಕರೆಂಟಿಂದು, ಜೋಡಿಸಿದ ಮ್ಯಾಲ ಸ್ಕ್ಯಾನರಿನಾಗ ಅಡಾಪ್ಟೇಶನ್ (ಹೊಸ ಆಕ್ಚುಯೇಟರಿನ ಅಳತಿ ಇಸಿಯುಗೆ ಕಲಿಸೂದು) ಮಾಡಸ್ಬೇಕು. ಇಲ್ಲಂದ್ರ ಬೂಸ್ಟ್ ಫಾಲ್ಟ್ ಬಂದು ಗಾಡಿ ಲಿಂಪ್ ಮೋಡಿಗೆ (ಶಕ್ತಿ ತಾನಾಗೇ ಕಮ್ಮಿ ಆಗೋ ಸ್ಥಿತಿ) ಹೋಗ್ತೈತಿ.

ಕುಂಡ್ರಿಸೋದ್ರಾಗ ಆಗೋ ತಪ್ಪೇ ಬಾಳ. ಆಯಿಲ್ ಬರೋ ಪೈಪಿನಾಗ ಕರಿ ಕಟ್ಟಿದ್ರ ತೊಳದು ಹಾಕಬ್ಯಾಡ್ರಿ, ಹೊಸ ಪೈಪ್ ಹಾಕ್ರಿ. ಗ್ಯಾಸ್ಕೆಟ್, ವಾಷರ್, ಮ್ಯಾನಿಫೋಲ್ಡ್ ನಟ್ಟು ಎಲ್ಲಾ ಹೊಸವು. ಆಯಿಲ್ ಫ್ಲೇಂಜಿಗೆ ಸಿಲಿಕೋನ್ ಬಳೀಬ್ಯಾಡ್ರಿ, ಒಳಗ ಉದರಿದ ಚೂರು ದಾರಿ ಮುಚ್ಚಿ ಟರ್ಬೊ ಸಾಯ್ತೈತಿ. ಆಯಿಲ್ ತೂತಿನಾಗ 10–15 ಮಿ.ಲೀ. ಹೊಸ ಆಯಿಲ್ ಹಾಕಿ ಚಕ್ರ ಕೈಲೆ ತಿರುಗಸ್ರಿ. ಫ್ಯೂಯಲ್ ಪಂಪ್ ಫ್ಯೂಸ್ ತಗದು 10 ಸೆಕೆಂಡಿನಂಗ ಮೂರು ಸಲ ಸೆಲ್ಫ್ ಹೊಡೀರಿ. ಆಮ್ಯಾಲ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್, ರೇಸ್ ಕೊಡಬ್ಯಾಡ್ರಿ. 1,000 ಕಿ.ಮೀ.ಗೆ ಆಯಿಲ್ ಬದಲಸ್ರಿ.

ರಾಯಚೂರು_ಅಲೈನ್‌ಮೆಂಟ್

ಆಲಾಯ್ ವಿಷಯ ನಾ ಬರೀತೀನಿ.

ನಿಮ್ಮ ಗಾಡಿ ಪಿಸಿಡಿ (ಬೋಲ್ಟ್ ಎಷ್ಟು, ಅವು ಕುಂಡ್ರೋ ವೃತ್ತದ ಅಡ್ಡಳತಿ ಎಷ್ಟು ಮಿ.ಮೀ.) 5x100, ನಡುವಿನ ತೂತು 57.1 ಮಿ.ಮೀ. ಹೊಸ ಆಕ್ಟೇವಿಯಾ, ಜೆಟ್ಟಾ ಆಲಾಯ್ 5x112. ಅದಕ್ಕೂ ಐದೇ ಬೋಲ್ಟ್, 57.1 ತೂತು, ಮ್ಯಾಲ ಅದೇ ಲೋಗೊ. ಫೋಟೊದಾಗ ಫರಕು ಕಾಣಂಗಿಲ್ಲ. ಹಿಂಬದಿ ಎರಕದಾಗ ಬರದಿರೋ ಅಳತಿ, ಜೆ ನಂಬರ್ (ಇಂಚಿನಾಗ ವೀಲ್ ಅಗಲ), ಇಟಿ ನಂಬರ್ (ವೀಲಿನ ನಡುಗೆರಿಯಿಂದ ಹಬ್ಬಿಗೆ ಕೂಡೋ ಮುಖದ ದೂರ, ಮಿ.ಮೀ.ದಾಗ) ಎಲ್ಲಾದರ ಫೋಟೊ ಕೇಳ್ರಿ. ನಿಮ್ಮ ಸ್ಟಾಕ್ ವೀಲಿನ ಹಿಂದ ಇರೋ ನಂಬರ್ ಜೊತಿ ಹೋಲಿಸ್ರಿ. ಇಟಿ ಒಂದು ಕಮ್ಮಿ ಆದ್ರ ವೀಲ್ 1 ಮಿ.ಮೀ. ಹೊರಗ ಬರ್ತದ. ಅಗಲ ಒಂದು ಇಂಚು ಹೆಚ್ಚಾದ್ರ ಎರಡೂ ಕಡಿ 12.7 ಮಿ.ಮೀ. ಹೆಚ್ಚಾಗ್ತದ. 6ಜೆ ಇಟಿ40 ತಗದು 7ಜೆ ಇಟಿ35 ಹಾಕಿದ್ರ ಹೊರಗಿನ ಅಂಚು 17.7 ಮಿ.ಮೀ. ಮುಂದ ಬಂತು ಅಂತ ಲೆಕ್ಕ. ಕೆಳಗಿಳಿಸಿದ ಗಾಡಿಗೆ ಹಿಂದ ಮೂರು ಮಂದಿ ಕುಂತ್ರ ಫೆಂಡರ್ ಟೈರನ್ನ ಕೊಯ್ತದ.

ಬ್ಯಾರೆ ಕಂಪನಿ ಆಲಾಯ್ ಆದ್ರ ನಡುವಿನ ತೂತು ಸಾಮಾನ್ಯವಾಗಿ ದೊಡ್ಡದು, 73.1 ಇರೋದು ಬಾಳ. ಅದಕ್ಕ ಹಬ್ ರಿಂಗ್ (ತೂತಿನ ಸಂದು ತುಂಬೋ ಬಳಿ) ಬೇಕು, ನಾಲ್ಕೂ ಇದಾವೇನು ಕೇಳ್ರಿ. ರಿಂಗ್ ಇಲ್ಲದ ಹಾಕಿದ್ರ 80ರ ಮ್ಯಾಲ ಸ್ಟೀರಿಂಗ್ ನಡುಗ್ತದ, ಮಂದಿ ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸಾಕಾಗ್ತಾರ. ಬೋಲ್ಟ್ ವಿಷಯ ಇನ್ನೂ ಮುಖ್ಯ. ಕಂಪನಿ ಬೋಲ್ಟಿನ ತಲಿ ಕೆಳಗ ಗುಂಡಗ ಇರ್ತದ, ಹೊರಗಿನ ಆಲಾಯ್‌ಗೆ ಬಾಳ ಮಟ್ಟಿಗೆ ಕೋನ್ ಆಕಾರದ್ದು ಬೇಕು. ಗುಂಡಂದು ಕೋನಿನಾಗ ಒಂದು ಗೆರಿ ಮ್ಯಾಲ ಅಷ್ಟ ಕುಂಡ್ರತದ, ಓಡ್ತಾ ಓಡ್ತಾ ಸಡಿಲಾಗ್ತದ. ಎಂ14x1.5 ಬೋಲ್ಟ್ ಕೈಲೆ ಕನಿಷ್ಠ ಏಳೆಂಟು ಸುತ್ತು ಹೋಗ್ಬೇಕು. ಟಾರ್ಕ್ 120 ನ್ಯೂಟನ್ ಮೀಟರ್, 100 ಕಿ.ಮೀ. ಆದ ಮ್ಯಾಲ ಮತ್ತೊಮ್ಮೆ ನೋಡ್ರಿ.

ಬೆಂಡ್ ನೋಡ್ಬೇಕಂದ್ರ ಟೈರ್ ಬಿಚ್ಚಿ ಖಾಲಿ ವೀಲ್ ಬ್ಯಾಲೆನ್ಸಿಂಗ್ ಮಷಿನ್ ಮ್ಯಾಲ ತಿರುಗಸ್ರಿ. ಒಳಗಿನ ಅಂಚೇ ಮೊದಲು ಬಾಗೋದು. ಹೊಸದಾಗಿ ಪೇಂಟ್ ಹೊಡದ ಆಲಾಯ್ ಅಂದ್ರ ನನಗ ಅನುಮಾನ, ಪೇಂಟಿನ ಕೆಳಗ ವೆಲ್ಡಿಂಗ್ ಇರಬಹುದು. ನಿಮಗ ತೋರಣಗಲ್ಲು ಹತ್ರ ಅದ, ಅಲ್ಲಿ ವೆಲ್ಡಿಂಗ್ ತಪಾಸಣಿ ಮಾಡೋರ ಕಡಿ ಡೈ ಪೆನಿಟ್ರಂಟ್ ಸ್ಪ್ರೇ ಇರ್ತದ. ಪೇಂಟ್ ಕೆರದು, ತೊಳದು, ಕೆಂಪು ಬಣ್ಣ ಹೊಡದು 10 ನಿಮಿಷ ಬಿಟ್ಟು, ಒರಸಿ, ಬಿಳಿ ಡೆವಲಪರ್ ಹೊಡದ್ರ ಬಿರುಕು ಕೆಂಪು ಗೆರಿಯಾಗಿ ಎದ್ದು ಕಾಣ್ತದ. ಸ್ಪೋಕ್ ಬುಡ, ಒಳ ಅಂಚು ಎರಡೂ ಕಡಿ ಮಾಡಸ್ರಿ.

ಟೈರಿಗೆ ಬೆಲಿ ಕಟ್ಟಬ್ಯಾಡ್ರಿ. ಪಕ್ಕದ ಗೋಡಿ ಮ್ಯಾಲ ಕೊನಿ ನಾಲ್ಕು ಅಂಕಿ ವಾರ, ವರ್ಷ. 2319 ಅಂದ್ರ 2019ರ 23ನೇ ವಾರ. ನಮ್ಮ ಬಿಸಿಲಿಗೆ ಐದು ವರ್ಷ ದಾಟಿದ್ದು ನಾನಂತೂ ಹಾಕ್ರಿ ಅನ್ನಂಗಿಲ್ಲ. ಅಳತಿನೂ ನೋಡ್ರಿ. ಸ್ಟಾಕ್ 185/60 ಆರ್15 ಎತ್ತರ 603 ಮಿ.ಮೀ. 195/50 ಆರ್16 ಹಾಕಿದ್ರ 601, ಸರಿ ಕೂಡ್ತದ. 205/45 ಆರ್16 ಆದ್ರ 591, ಗೋಡಿ 111ರಿಂದ 92 ಮಿ.ಮೀ.ಗೆ ಇಳೀತದ. ಅದಿರು ಲಾರಿ ಓಡೋ ರಸ್ತಿ ಗುಂಡಿಗೆ ಅದು ತಡ್ಯಂಗಿಲ್ಲ.

ಕುಷ್ಟಗಿ_ಸಸ್ಪೆನ್ಶನ್

ಕಾಯ್ಲೋವರಿಗೆ 38,000 ಜಾಸ್ತಿ ಆತು. ಎಷ್ಟು ಕಿ.ಮೀ. ಓಡೈತಿ, ರೀಬಿಲ್ಡ್ ಕಿಟ್ ಸಿಗ್ತೈತೇನು, ಇವೆರಡು ಗೊತ್ತಾಗಲಾರದ ರೇಟ್ ಮಾತಾಡಬ್ಯಾಡ್ರಿ. ಸೀಲ್ ಸಿಗದ ಬ್ರ್ಯಾಂಡ್ ಆದ್ರ ಲೀಕ್ ಆದ ದಿನ ಅದು ಗುಜರಿ.

ಸ್ಪ್ರಿಂಗ್ ಬಿಚ್ಚಿ ಡ್ಯಾಂಪರ್ ನೆಟ್ಟಗ ನಿಲ್ಲಿಸಿ ರಾಡ್ ಒತ್ತಿ ನೋಡ್ರಿ. ಒಂದೇ ಸಮ ಬಿಗಿಯಾಗಿ ಇಳೀಬೇಕು. ದಿಕ್ಕು ಬದಲಾಗೋ ಹೊತ್ತಿನಾಗ ಒಂದಿಷ್ಟು ಸಡಿಲ ಜಾಗ ಸಿಕ್ರ ಒಳಗ ಆಯಿಲ್ ಇಲ್ಲಾ ಗ್ಯಾಸ್ ಕಮ್ಮಿ ಆಗೈತಿ. ಗ್ಯಾಸ್ ಡ್ಯಾಂಪರ್ ಆದ್ರ ಬಿಟ್ಟ ಮ್ಯಾಲ ರಾಡ್ ತಾನಾಗೇ ಮ್ಯಾಲ ಬರಬೇಕು. ಎಡ ಬಲ ಎರಡೂ ಒಂದೇ ವೇಗದಾಗ ಬರ್ತಾವೇನು ಅನ್ನೂದ ಮುಖ್ಯ. ರಾಡಿನ ಮ್ಯಾಲ ಉಗುರು ಎಳೀರಿ, ತುಕ್ಕಿನ ಚುಕ್ಕಿ ತಾಗಿದ್ರ ಅದು ಹೊಸ ಸೀಲನ್ನೂ ತಿಂತೈತಿ.

ಎತ್ತರ ಹೊಂದಿಸೋ ಕಾಲರ್ ಪೂರ್ತಿ ಮ್ಯಾಲ ಕೆಳಗ ತಿರಗಿಸಿ ತೋರಸ್ರಿ ಅಂತ ವಿಡಿಯೊ ಕೇಳ್ರಿ. ಮಣ್ಣು ಕುಂತು ಜಾಮ್ ಆದ ಕಾಲರನ್ನ ಸುತ್ತಿಗಿ ಹೊಡದು ಬಿಡಿಸಿದ್ರ ಥ್ರೆಡ್ ಹೋಗ್ತಾವ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಕೂಡಿದ ಕಂಬ) ನಕಲ್ (ಚಕ್ರದ ಹಬ್ ಹಿಡಿಯೋ ಎರಕ) ಒಳಗ ತೂರಿ ಕುಂಡ್ರೋದು, ಹಂಗಾಗಿ ಆ ಕೊಳವಿಯ ಅಳತಿ ವರ್ನಿಯರಿನಾಗ ನಿಮ್ಮ ಸ್ಟಾಕ್ ಜೊತಿ ತಾಳೆ ನೋಡ್ರಿ. ಹಿಂದ ಸ್ಪ್ರಿಂಗ್ ಬ್ಯಾರೆ, ಡ್ಯಾಂಪರ್ ಬ್ಯಾರೆ ಇರ್ತಾವ, ಹೊಂದಿಸೋ ಪೀಠ ಎರಡೂ ಬಂದಾವೇನು ಎಣಸ್ರಿ. ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳು ಕವರ್ ಹೊಸವು ಹಾಕ್ರಿ. ನಕಲ್ ಹಿಡಿಯೋ ಬೋಲ್ಟ್ ಒಮ್ಮೆ ಬಿಗಿದ್ರ ಹಿಗ್ಗೋ ಜಾತಿದು, ಮತ್ತ ಅದನ್ನ ಹಾಕಬಾರದು. ಎತ್ತರ 25 ಮಿ.ಮೀ.ಗಿಂತ ಹೆಚ್ಚು ಇಳಸಬ್ಯಾಡ್ರಿ, ಹಳ್ಳಿ ರಸ್ತಿ ಉಬ್ಬಿಗೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟಿ) ತಾಗ್ತೈತಿ. ಎತ್ತರ ನಿಂತ ಮ್ಯಾಲ ಅಲೈನ್‌ಮೆಂಟ್, ಅದಕ್ಕ ಮುಂಚೆ ಮಾಡ್ಸಿದ್ರ ದಂಡ.

ತೋರಣಗಲ್ಲು_ಟಾರ್ಕ್

ಉಳಿದ ಎರಡು ಐಟಂ, ಡೌನ್‌ಪೈಪ್ ಮತ್ತು ಇಸಿಯು, ತಗೋಬೇಡಿ.

ಇಸಿಯು ಆ ಗಾಡಿಯ ಇಮೊಬಿಲೈಜರ್‌ಗೆ (ಕಳ್ಳತನ ತಡೆಯೋ ಕೀಲಿ ವ್ಯವಸ್ಥೆ) ಜೋಡಿಯಾಗಿರುತ್ತೆ, ನಿಮ್ಮ ಕೀಲಿಗೆ ಸ್ಟಾರ್ಟ್ ಆಗಿ ನಿಲ್ಲಲ್ಲ. ಬೇಕಿದ್ರೆ ನಿಮ್ಮ ಇಸಿಯುಗೇ ಟ್ಯೂನ್ ಹಾಕಿಸಬೇಕು. ಅದಕ್ಕೂ ಮಿತಿ ಇದೆ. ನಿಮ್ಮದು ಡಿಕ್ಯೂ200, ಒಣ ಕ್ಲಚ್ ಗೇರ್‌ಬಾಕ್ಸ್. ಅದು ತಡೆಯೋದು 250 ನ್ಯೂಟನ್ ಮೀಟರ್, ಎಂಜಿನ್ ಸ್ಟಾಕ್‌ನಲ್ಲಿ ಕೊಡೋದು 175. ಮೇ ತಿಂಗಳ ಟ್ರಾಫಿಕ್‌ನಲ್ಲಿ ತೆವಳಿಸೋವಾಗ ಆ ಕ್ಲಚ್‌ಗೆ ಸ್ಟಾಕ್ ಟಾರ್ಕೇ ಸಾಕಷ್ಟು ಬಿಸಿ.

ಕ್ಯಾಟ್ ಇಲ್ಲದ ಪೈಪ್ ಹಾಕಿದ್ರೆ ಚೆಕ್ ಎಂಜಿನ್ ಲೈಟ್ ಉರಿಯುತ್ತೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ 182ಎ(4) ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಾಯ್ಲೋವರ್, ಆಲಾಯ್ ಹಾಕೋ ಮುಂಚೆಯೂ ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಡೆ ವಿಚಾರಿಸಿ, ಉತ್ತರ ಬರಹದಲ್ಲಿ ತಗೊಳ್ಳಿ.

ಮೊದಲು ಹಳೇ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಆ ಪಾರ್ಟ್ ಗಾಡಿ ಮೇಲಿದ್ದಾಗಿನ ಫೋಟೊ, ಆರ್‌ಸಿ ಪ್ರತಿ ಕೇಳಿ. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡ್ರೆ ಕೊಂಡವರ ಮೇಲೂ ಕೇಸು. ಇವತ್ತಿನ ತಾರೀಖು ಬರೆದ ಚೀಟಿ ಪಕ್ಕ ಇಟ್ಟು ಪಾರ್ಟ್ ನಂಬರ್ ಕಾಣುವಂತೆ ಫೋಟೊ ಕಳಿಸಲಿ, ಆಮೇಲೆ ವಿಡಿಯೊ ಕಾಲ್. ಒಟ್ಟು ಲಕ್ಷದ ವ್ಯವಹಾರ ಬೇಡ, ಒಂದೊಂದೇ ಬೆಲೆ ಮಾಡಿ. ಒಟ್ಟಿಗೆ ಕೊಡ್ತೀನಿ ಅನ್ನೋದು ಸಾಮಾನ್ಯವಾಗಿ ಹೋಗದ ಮಾಲನ್ನ ಒಳ್ಳೆ ಮಾಲಿನ ಜೊತೆ ದಾಟಿಸೋ ದಾರಿ.

ಕೆಂಪುಧೂಳು34

ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಟರ್ಬೊ, ಆಲಾಯ್ ಎರಡೇ ನೋಡ್ತೀನಿ. ನನ್ನ ಸ್ಟಾಕ್ ವೀಲ್‌ಗಳನ್ನ ಮಾರಿ ಸ್ವಲ್ಪ ಖರ್ಚು ಹೊಂದಿಸಬಹುದಾ? ಟರ್ಬೊ ಹೋಗಿ ತರ್ತೀನಿ, ಆಲಾಯ್ ಲಾರಿಯಲ್ಲಿ ತರಿಸಿದ್ರೆ ಹೇಗೆ?

ತೋರಣಗಲ್ಲು_ಟಾರ್ಕ್

ಸ್ಟಾಕ್ ವೀಲ್ ಮಾರಬೇಡಿ. ಗಾಡಿ ಮಾರೋ ದಿನ ಕೊಳ್ಳೋರು ಕೇಳೋದೇ ಅವು. ಆದ್ರೂ ಮಾರೋದಾದ್ರೆ ತೊಳೆದು ಬಿಸಿಲಲ್ಲಿಟ್ಟು ಹಿಂಬದಿ ಫೋಟೊನೂ ಹಾಕಿ, ಗೀರಿದ್ದ ಕಡೆ ನೀವೇ ಬೆರಳಿಟ್ಟು ತೋರಿಸಿ, ಬೋಲ್ಟ್ ಸಮೇತ ಕೊಡಿ. ದುಡ್ಡು ತಗೊಳ್ಳೋವಾಗ ಒಂದು ಜಾಗ್ರತೆ: ಕೊಳ್ಳೋರು ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದ್ರೆ ಅದು ಮೋಸ. ಯುಪಿಐನಲ್ಲಿ ದುಡ್ಡು ತಗೊಳ್ಳೋಕೆ ಪಿನ್ ಬೇಕಾಗಲ್ಲ. ಹಾಗೆ ದುಡ್ಡು ಹೋದ್ರೆ ತಕ್ಷಣ 1930ಕ್ಕೆ (ಸೈಬರ್ ವಂಚನೆ ಸಹಾಯವಾಣಿ) ಫೋನ್ ಮಾಡಬೇಕು.

ಲಾರಿಯಲ್ಲಿ ತರಿಸೋದಾದ್ರೆ ಎರಡೆರಡು ವೀಲ್ ಮುಖಕ್ಕೆ ಮುಖ ಮಾಡಿ, ನಡುವೆ ದಪ್ಪ ರಟ್ಟು ಮತ್ತು ಥರ್ಮೊಕೋಲ್ ಇಟ್ಟು, ಹೊರಗೆ ಗೋಣಿ ಹೊಲಿಸಲಿ. ಹಬ್ ರಿಂಗ್, ಬೋಲ್ಟ್ ಬೇರೆ ಡಬ್ಬಿಯಲ್ಲಿ. ಗೋಡೌನ್‌ನಲ್ಲೇ ಬಿಚ್ಚಿ ನೋಡಿ, ಬಿಚ್ಚೋದನ್ನ ಒಂದೇ ಓಟದಲ್ಲಿ ವಿಡಿಯೊ ಮಾಡಿ, ಆಮೇಲೆ ಸಹಿ ಹಾಕಿ. ಟರ್ಬೊ ತರೋವಾಗ ಎಲ್ಲಾ ಬಾಯಿಗೂ ಟೇಪ್ ಸುತ್ತಿ. ಬಟ್ಟೆ ತುರುಕಬೇಡಿ, ಒಂದು ನೂಲೆಳೆ ಒಳಗೆ ಉಳಿದ್ರೂ ಆಯಿಲ್ ದಾರಿ ಕಟ್ಟುತ್ತೆ. ಆಕ್ಚುಯೇಟರ್ ರಾಡ್ ಹಿಡ್ಕೊಂಡು ಎತ್ತಬೇಡಿ, ಅದು ಬಾಗಿದ್ರೆ ಅಡಾಪ್ಟೇಶನ್ ಕೂಡಲ್ಲ.

ಗಂಗಾವತಿ_ಗ್ಯಾರೇಜ್, ಕೊಪ್ಪಳ ಜಿಲ್ಲೆ

ಇನ್ನೊಂದು ಬಿಟ್ಟಿದ್ದೆ. ಅಲ್ಲಿಗೆ ಹೋದಾಗ ಆ ಟರ್ಬೊ ಯಾಕ ಬಿಚ್ಚಿದ್ರು ಅನ್ನೂದು ಕೇಳ್ರಿ. ದೊಡ್ಡ ಟರ್ಬೊ ಹಾಕಲಿಕ್ಕೆ ಬಿಚ್ಚಿದ್ದಂದ್ರ ಆ ಬಿಲ್ ತೋರಿಸ್ಲಿ. ಎಂಜಿನ್ ಕೆಲಸಕ್ಕ ಬಿಚ್ಚಿದ್ದಂದ್ರ ಆಯಿಲ್ ಪ್ರೆಶರ್ ಹೋಗಿತ್ತೇನು ಅಂತ ಬಿಡಿಸಿ ಕೇಳ್ರಿ, ಹೋಗಿತ್ತಂದ್ರ ಶಾಫ್ಟ್ ಕೈಗೆ ಎಷ್ಟ ಚಲೋ ಅನಿಸಿದ್ರೂ ತಗೋಬ್ಯಾಡ್ರಿ.