ಅಪ್ಪನ ಕೂಗಾಟ ನೋವೋ ಸನ್ನಿಯೋ? ಅನುಭವ ಇದ್ದವರು ಹೇಳಿ

ತೋಟದಂಚು (ಶಿರಸಿ): ಅಪ್ಪನಿಗೆ 79. ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನುಮೂಳೆಗೆ ಹರಡಿದೆ. ನೋವಿಗೆ ಮಾರ್ಫಿನ್ ಮಾತ್ರೆ ನಡೆಯುತ್ತಿದೆ. ಮೂರು ದಿನದಿಂದ ಡೆಲಿರಿಯಂ, ಅಂದರೆ ಸನ್ನಿ. ರಾತ್ರಿ ಕೂಗಾಟ, ಹಗಲು ಮಂಕು. ನೋವಾ ಅಂತ ಕೇಳಿದರೆ "ದನ ಕಟ್ಟಿದ್ಯಾ" ಅನ್ನುತ್ತಾರೆ. ಒಬ್ಬ ಸಿಸ್ಟರ್ ನೋವು ಎನ್ನುತ್ತಾರೆ, ಇನ್ನೊಬ್ಬರು ಬರೀ ಸನ್ನಿ ಎನ್ನುತ್ತಾರೆ. ಏನು ನೋಡಿ ಹೇಳುತ್ತಾರೆ ಇವರು?

ಕಾಳಿ ದಂಡೆ (ಕಾರವಾರ): ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಯಿಗೆ 74, ಗರ್ಭಕೋಶದ ಕ್ಯಾನ್ಸರ್. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆವು. ಆಂಬುಲೆನ್ಸಿಗೆ 9,000. ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತು ಎರಡು ತಾಸು ಹೋಯಿತು, ಅದಕ್ಕೆ ವೇಟಿಂಗ್ ಅಂತ ಮತ್ತೆ 1,200. ವಾರ್ಡಿನಲ್ಲಿ ಸಿಸ್ಟರ್ ಬಂದು "ಅಜ್ಜಿ, ಸೊನ್ನೆಯಿಂದ ಹತ್ತರಲ್ಲಿ ನೋವು ಎಷ್ಟು?" ಎಂದು ಕೇಳಿದಳು. ಆಯಿಗೆ ಅವತ್ತು ಕನ್ನಡವೇ ಮರೆತಿತ್ತು, ಬರೀ ಕೊಂಕಣಿ. ಉತ್ತರ ಬರಲಿಲ್ಲ, ಚಾರ್ಟಿನಲ್ಲಿ ಸೊನ್ನೆ ಬಿತ್ತು. ನಾನು "ದುಕ್ತಾ?" (ನೋವಾ?) ಎಂದು ಹೊಟ್ಟೆ ಮೇಲೆ ಕೈ ಇಟ್ಟರೆ ಕೈಯನ್ನೇ ಕೊಡವಿ ಎಸೆದಳು. ಎರಡು ರಾತ್ರಿ ಕೈ ಕಟ್ಟಿ ನಿದ್ದೆ ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಒಬ್ಬ ಹುಡುಗ ಡಾಕ್ಟರ್ ಕೆಳಹೊಟ್ಟೆ ಒತ್ತಿ ನೋಡಿ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿಸಿದ. 900 ಎಂಎಲ್ ಮೂತ್ರ! ಅರ್ಧ ಗಂಟೆಯಲ್ಲಿ ಗೊರಕೆ. ಬಿಲ್ 64,300. ಅದರಲ್ಲಿ ಕ್ಯಾಥೆಟರಿನದ್ದು 180.

ನಿವೃತ್ತ ಸಿಸ್ಟರ್ (ಕುಮಟಾ): ಎಲ್ಲದಕ್ಕೂ ಸಿಸ್ಟರಿಗೇ ಬೈದರೆ ಹೇಗೆ? 31 ವರ್ಷ ವಾರ್ಡಿನಲ್ಲಿ ಸವೆದಿದ್ದೇನೆ. ರಾತ್ರಿ ಒಬ್ಬಳಿಗೆ ಮೂವತ್ತು ಹಾಸಿಗೆ. ಮಾತು ತಪ್ಪಿದವರಿಗೆ ನಾವು ನಂಬರ್ ಕೇಳುವುದಿಲ್ಲ. ನೋಡಿಯೇ ನೋವು ಅಳೆಯಲು ಪೇನಾಡ್ ಅಂತ ಒಂದು ಪಟ್ಟಿ ಇದೆ, 2003ರದ್ದು. ಉಸಿರು, ನರಳಾಟ, ಮುಖ, ಮೈ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರೋ ಇಲ್ಲವೋ. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು, ಒಟ್ಟು 10. ಮಲಗಿದಾಗಷ್ಟೇ ನೋಡಿದರೆ ಸಾಲದು, ಮಗ್ಗುಲು ಬದಲಿಸುವಾಗ ನೋಡಬೇಕು. ಆದರೆ ಅದು ಮರೆವಿನ ಕಾಯಿಲೆಯವರಿಗೆಂದು ಮಾಡಿದ್ದು. ಸನ್ನಿಯಲ್ಲಿ ಬರೀ ಹೆದರಿದವರೂ ಹುಬ್ಬು ಗಂಟಿಕ್ಕುತ್ತಾರೆ, ಹೊದಿಕೆ ಎಳೆದಾಡುತ್ತಾರೆ. ಅದಕ್ಕೇ ಮೂತ್ರ, ಮಲಬದ್ಧತೆ, ಜ್ವರ, ಸೋಡಿಯಂ, ಕ್ಯಾಲ್ಸಿಯಂ ಎಲ್ಲ ನೋಡುವುದು. ಆಮೇಲೆ ಡಾಕ್ಟರ್ ಹೇಳಿದರೆ ನೋವಿನ ಔಷಧ ಒಂದು ಡೋಸ್ ಕೊಟ್ಟು, ಕಾದು, ಮತ್ತೆ ಅಂಕ ಹಾಕುವುದು. ನೋವು ಇಳಿದು ಸುಮ್ಮನಾದರೋ, ಮಂಪರು ಬಂದೋ, ಅದಕ್ಕೂ ಕಣ್ಣಿಡಬೇಕು. ಮನೆಯವರು "ನೋವಾದರೆ ಅಪ್ಪ ಹಲ್ಲು ಕಚ್ಚುತ್ತಾರೆ" ಎಂದರೆ ನಾನು ಬರೆದುಕೊಳ್ಳುತ್ತಿದ್ದೆ. ಆ ಮನೆಯವರೇ ಮೊಬೈಲ್ ನೋಡುತ್ತಾ ಕೂತರೆ?

ಕಾಳಿ ದಂಡೆ: ಮೊಬೈಲಾ? ಆಯಿಯ ಕೈ ಕಟ್ಟಿದ್ದು ನಾನಾ?

ಚೇಣಿ ಲೆಕ್ಕ (ಸಿದ್ದಾಪುರ): ನೀವಿಬ್ಬರೂ ಕೂಗುವವರ ಕಥೆಯನ್ನೇ ಹೇಳುತ್ತೀರಿ. ನಮ್ಮ ಅಪ್ಪಯ್ಯ ಕೂಗಲೇ ಇಲ್ಲ. ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ಬಂದ ನೆಂಟರೆಲ್ಲ "ಆರಾಮಿದ್ದಾರಲ್ಲ" ಎಂದು ಚಾ ಕುಡಿದು ಹೋದರು. ಅದೂ ಡೆಲಿರಿಯಂ, ಸುಮ್ಮನಿರುವ ಜಾತಿಯದ್ದು ಎಂದು ಮಣಿಪಾಲದಲ್ಲಿ ತಿಳಿಯಿತು. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ 3.1ಕ್ಕೆ ಏರಿತ್ತು. ಕಿಡ್ನಿ ಸೋತರೆ ಮಾರ್ಫಿನ್ನಿನ ಕಸ ಮೈಯಲ್ಲೇ ಉಳಿದು ತಲೆ ಕೆಡಿಸುತ್ತದೆಯಂತೆ. ಚರ್ಮಕ್ಕೆ ಅಂಟಿಸುವ ನೋವಿನ ಔಷಧ, ಫೆಂಟನಿಲ್ ಪ್ಯಾಚಿಗೆ ಬದಲಿಸಿದರು, 72 ತಾಸಿಗೊಂದು. ಮನೆಗೆ ಬಂದಮೇಲೆ ಅತ್ತೆ ಚಳಿ ಅಂತ ಅದರ ಮೇಲೇ ಬಿಸಿನೀರಿನ ಚೀಲ ಇಟ್ಟರು. ಬಿಸಿಗೆ ಔಷಧ ಜಾಸ್ತಿ ಒಳಗೆ ಹೋಗುತ್ತದೆ ಎಂದು ನಮಗೇನು ಗೊತ್ತು? ಅಪ್ಪಯ್ಯ ಕಣ್ಣೇ ಬಿಡಲಿಲ್ಲ. ಮತ್ತೆ ಮಣಿಪಾಲ, ಮತ್ತೆ 11,500. ಆ ವರ್ಷದ ಎರಡು ಕ್ವಿಂಟಲ್ ಚಾಲಿ ಅಡಿಕೆ ಅಲ್ಲೇ ಕರಗಿತು. ಅವರಿಗೆ ನೋವಿದೆ ಎಂದು ಮೊದಲು ಹಿಡಿದದ್ದು ಮೈ ಒರೆಸಲು ಬರುತ್ತಿದ್ದ ಹೆಂಗಸು. ಮಗ್ಗುಲು ಹೊರಳಿಸುವಾಗ ಕಾಲ್ಬೆರಳು ಮುದುಡುತ್ತಿದ್ದವಂತೆ. ನಾನು ಮಗ, ಕಂಡಿರಲಿಲ್ಲ.

ಶರಾವತಿ ಕಡೆಯವ (ಹೊನ್ನಾವರ): ಮೊದಲು ಮಾರ್ಫಿನ್ ನಿಲ್ಲಿಸಿ ಮಾರಾಯ್ರೇ. ನಮ್ಮ ದೊಡ್ಡಪ್ಪನಿಗೆ ನಿಲ್ಲಿಸಿದ ಮೇಲೇ ಬುದ್ಧಿ ಬಂದದ್ದು.

ನಿವೃತ್ತ ಸಿಸ್ಟರ್: ತಮ್ಮಾ, ಇಂಥ ಮಾತು ಕೇಳಿಯೇ ಜನ ಕೊನೆವರೆಗೆ ನರಳುವುದು. ಏಕಾಏಕಿ ನಿಲ್ಲಿಸಿದರೆ ನೋವು ಏರುತ್ತದೆ, ಸನ್ನಿಯೂ ಏರಬಹುದು. ಇಳಿಸುವುದೋ ಬದಲಿಸುವುದೋ ಡಾಕ್ಟರ್ ಹೇಳಲಿ.

ಶರಾವತಿ ಕಡೆಯವ: ಡಾಕ್ಟರೇ ನಿಲ್ಲಿಸಿದ್ದು, ನಾನಲ್ಲ. ಅದಿರಲಿ, ಕಾಳಿ ದಂಡೆಯವರಿಗೆ ಯಾರೋ ಟೋಪಿ ಹಾಕಿದ್ದಾರೆ. ಹೊನ್ನಾವರದಿಂದ ಮಣಿಪಾಲಕ್ಕೆ ಆಂಬುಲೆನ್ಸಿಗೆ ನಾವು ಕೊಟ್ಟದ್ದು 5,500.

ಕಾಳಿ ದಂಡೆ: ನಿಮ್ಮ ದಾರಿಯಲ್ಲಿ ಘಟ್ಟ ಎಲ್ಲಿದೆ?

ಚೇಣಿ ಲೆಕ್ಕ: ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ಎಲ್ಲರೂ ಸೇರಿ ಕೂಗಿದೆವು. ಕಾರವಾರಕ್ಕೋ ಕುಮಟೆಗೋ ಶಿರಸಿಗೋ ಎಂದು ನಾವೇ ಕಚ್ಚಾಡಿದೆವು. ಈಗ ಬಾಡಿಗೆ ಲೆಕ್ಕ ಹಾಕುತ್ತಾ ಕೂತಿದ್ದೇವೆ.

ನಿವೃತ್ತ ಸಿಸ್ಟರ್: ಕುಮಟೆಯೇ ನಡುವೆ ಇರುವುದು, ಬೇಕಾದರೆ ನಕ್ಷೆ ನೋಡಿ.

ತೋಟದಂಚು: ಕೆಳಹೊಟ್ಟೆ ಮುಟ್ಟಿ ನೋಡಿದೆ, ಮೆತ್ತಗಿದೆ. ಆದರೆ ಹೊರಕಡೆಗೆ ಹೋಗದೆ ಆರು ದಿನವಂತೆ, ಅಮ್ಮ ಈಗ ಹೇಳಿದರು. ಡಾಕ್ಟರಿಗೆ ಫೋನ್ ಮಾಡುತ್ತಿದ್ದೇನೆ.

ಕಾಳಿ ದಂಡೆ: ಆ 5,500ರಲ್ಲಿ ಆಕ್ಸಿಜನ್ ಸೇರಿತ್ತಾ? ಅದನ್ನು ಹೇಳಿ ಮೊದಲು.